ಸ್ಟ್ರೈಕ್ ಎಂದರೆ ಏನು?

ಇಂಗ್ಲಿಷ್ ಓದದವರ ನಾಲಿಗೆಯ ಮೇಲೂ ಸಲೀಸಾಗಿ ಓಡಾಡುವ ಇಂಗ್ಲಿಷ್ ಮಾತುಗಳು ನಮ್ಮ ಸೀಮೆಯಲ್ಲಿ ಹಲವಾರಿವೆ. ಮಿಲ್ಲು, ಬಸ್ಸು, ನೋಟೀಸು, ಬೋನಸ್ಸು ಎಂಬುವು ಅಂಥವು. ಅವುಗಳ ಸಾಲಿನಲ್ಲಿ ಮುಂದೆ ನಿಲ್ಲತಕ್ಕ ಮಾತು ‘ಸ್ಟ್ರೈಕ್’. ಚಳ್ಳಕೆರೆಯ ಎಣ್ಣೆ ಮಿಲ್ಲಿನ ಹಮಾಲನಿಗೂ ಆ ಮಾತು ಗೊತ್ತು, ಮೊಳಕಾಲ್ಮೂರಿನ ಮಗ್ಗದ ಮನೆಯ ಹೆಣ್ಣುಮಗಳಿಗೂ ಗೊತ್ತು. ಬಸ್ಸು ಬಾರದಿದ್ದರೆ ‘ಸ್ಟ್ರೈಕಂತೆ’, ಬ್ಯಾಂಕು ತೆರೆಯದಿದ್ದರೆ ‘ಸ್ಟ್ರೈಕಂತೆ’, ಲಾರಿ ನಿಂತರೂ ‘ಸ್ಟ್ರೈಕಂತೆ’. ಇಷ್ಟು ಬಳಕೆಯಾದ ಮಾತಿನ ಅರ್ಥವನ್ನು ವಿಚಾರಿಸುವುದಕ್ಕೆ ಒಂದು ಸಂಪಾದಕೀಯವೇ ಬೇಕೆ ಎಂದು ಓದುಗರು ಕೇಳಬಹುದು.

ಬೇಕು. ಏಕೆಂದರೆ 2025ರ ನವೆಂಬರ್ 21ರಿಂದ ಈ ಮಾತಿಗೆ ಸರ್ಕಾರವು ಹೊಸದೊಂದು ಅರ್ಥವನ್ನು ಸೇರಿಸಿ ಜಾರಿಗೆ ತಂದಿದೆ. ನಿಘಂಟಿನ ಅರ್ಥವನ್ನು ತಿಳಿಯದವನಿಗೆ ಪರೀಕ್ಷೆಯಲ್ಲಿ ಒಂದು ಅಂಕ ಹೋದೀತು. ಕಾಯಿದೆಯ ಅರ್ಥವನ್ನು ತಿಳಿಯದವನಿಗೆ ಸಂಬಳ ಹೋಗುತ್ತದೆ, ದಂಡ ಬೀಳುತ್ತದೆ, ಜೈಲೂ ಆಗಬಹುದು. ಆದುದರಿಂದ ಈ ವಾರ ಒಂದೇ ಮಾತನ್ನು ಹಿಡಿದು ಬುಡದಿಂದ ನೋಡೋಣ.

ಮೊದಲು ಇಂಗ್ಲಿಷಿನವರು ಈ ಮಾತನ್ನು ಯಾವ ಯಾವ ಕೆಲಸಕ್ಕೆ ಹಚ್ಚಿದ್ದಾರೆ ನೋಡಿರಿ. ಹೊಡೆಯುವುದು ಸ್ಟ್ರೈಕ್. ಗಡಿಯಾರ ಗಂಟೆ ಬಾರಿಸಿದರೆ ಸ್ಟ್ರೈಕ್. ಬೆಂಕಿಕಡ್ಡಿ ಗೀರಿದರೆ ಸ್ಟ್ರೈಕ್. ಟಂಕಸಾಲೆಯಲ್ಲಿ ನಾಣ್ಯ ಅಚ್ಚು ಹಾಕಿದರೆ ಸ್ಟ್ರೈಕ್. ವ್ಯಾಪಾರ ಕುದುರಿದರೆ ಅದೂ ಸ್ಟ್ರೈಕ್. ನೆಲ ಕೊರೆಯುವವನಿಗೆ ಎಣ್ಣೆ ಸಿಕ್ಕಿದರೆ ಸ್ಟ್ರೈಕ್. ಡೇರೆ ಕಿತ್ತರೆ ಸ್ಟ್ರೈಕ್. ಹಾಜರಿ ಪಟ್ಟಿಯಿಂದ ಹೆಸರು ತೆಗೆದರೂ ಅದೇ ಮಾತು. ವಿಮಾನದಿಂದ ಬಾಂಬು ಹಾಕಿದರೆ ಸ್ಟ್ರೈಕ್. ಕ್ರಿಕೆಟ್ ಆಡುವ ನಮ್ಮ ಹುಡುಗರಿಗೆ ‘ಸ್ಟ್ರೈಕ್ ರೇಟು’ ಬಾಯಿಪಾಠ. ಅಮೆರಿಕದ ಬೇಸ್‌ಬಾಲ್ ಆಟದಲ್ಲಾದರೋ ವಿಚಿತ್ರ: ಬೀಸಿದ ಕೋಲು ಚೆಂಡಿಗೆ ತಾಗದೆ ಹೋದರೆ ಅದಕ್ಕೇ ಸ್ಟ್ರೈಕ್ ಎನ್ನುತ್ತಾರೆ!

ಇದನ್ನು ಕಂಡು ನಗಬೇಕಾಗಿಲ್ಲ. ನಮ್ಮ ‘ಹೊಡೆ’ ಎಂಬ ಮಾತು ಇದಕ್ಕಿಂತ ಕಡಿಮೆಯದಲ್ಲ. ನಾವು ಗಂಟೆ ಹೊಡೆಯುತ್ತೇವೆ, ಗಾಡಿ ಹೊಡೆಯುತ್ತೇವೆ, ಗೋಡೆಗೆ ಸುಣ್ಣ ಹೊಡೆಯುತ್ತೇವೆ, ನಿದ್ದೆ ಹೊಡೆಯುತ್ತೇವೆ, ಗೊರಕೆ ಹೊಡೆಯುತ್ತೇವೆ. ಲಾಟರಿ ತಾನಾಗಿ ಹೊಡೆಯುತ್ತದೆ. ಇಂಗ್ಲಿಷಿನವರು ಡೇರೆ ಕಿತ್ತರೆ ಹೊಡೆದಂತೆ. ನಾವು ಡೇರೆ ಹಾಕಿದರೆ ಹೊಡೆದಂತೆ. ಕೆಲಸಕ್ಕೆ ಹೋಗದೆ ಉಳಿದರೆ ‘ಚಕ್ಕರ್ ಹೊಡೆದ’ ಎನ್ನುತ್ತೇವೆ. ಈ ಚಕ್ಕರ್ ಹೊಡೆಯುವ ವಿಷಯವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಕಾಯಿದೆಯ ಮಾತು ಬಂದಾಗ ಅದು ಬೇಕಾಗುತ್ತದೆ.

ಇನ್ನು ಹುಟ್ಟಿನ ಸಂಗತಿ. ಒಂದು ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಈ ಮಾತಿಗೆ ಹೊಡೆತದ ಅರ್ಥವಿರಲಿಲ್ಲ. ಮೆಲ್ಲಗೆ ಕೈಯಾಡಿಸುವುದು, ನೇವರಿಸುವುದು, ನೇರವಾಗಿ ಸಾಗುವುದು ಎಂಬ ಅರ್ಥ ಮಾತ್ರವಿತ್ತು. ಜರ್ಮನರ ಭಾಷೆಯಲ್ಲಿ ಇದರ ದಾಯಾದಿ ಮಾತೊಂದು ಇಂದಿಗೂ ಸವರುವುದಕ್ಕೆ, ಬಳಿಯುವುದಕ್ಕೆ ನಡೆಯುತ್ತಿದೆ. ನೇವರಿಸುವ ಮಾತು ಹೊಡೆಯುವ ಮಾತಾದುದು ಹೇಗೆ ಎಂದು ಆಶ್ಚರ್ಯಪಡುವವರು ಕನ್ನಡದ ‘ಸವರು’ ಎಂಬುದನ್ನೇ ನೋಡಲಿ. ಎಮ್ಮೆಯ ಮೈ ಸವರುತ್ತೇವೆ, ತಲೆಗೆ ಎಣ್ಣೆ ಸವರುತ್ತೇವೆ. ಬೇಲಿಯ ಗಿಡವನ್ನೂ ಸವರುತ್ತೇವೆ, ಹಿಂದಿನ ಕಾಲದ ಕಾಳಗಗಳಲ್ಲಿ ತಲೆಗಳನ್ನೂ ಸವರುತ್ತಿದ್ದರು. ಮಾತು ಒಂದೇ, ಕೈಯ ಬಿರುಸು ಬೇರೆ.

ಅಂಗಡಿಯ ಬಂಧುಗಳು ಗಮನಿಸಬೇಕಾದ ಅರ್ಥವೊಂದು ನಡುವೆ ಇದೆ. ಇಂಗ್ಲೆಂಡಿನಲ್ಲಿ ಕಾಳು ಅಳೆಯುವಾಗ ಅಳತೆಯ ಪಾತ್ರೆಯ ಮೇಲೆ ರಾಶಿಯಾಗಿ ನಿಂತ ಕಾಳನ್ನು ಒಂದು ಕೋಲಿನಿಂದ ಸವರಿ ಅಂಚಿಗೆ ಸಮ ಮಾಡುತ್ತಿದ್ದರು. ಆ ಕೋಲಿಗೂ ಸ್ಟ್ರೈಕ್ ಎಂದೇ ಹೆಸರು. ಹಾಗೆ ಸಮ ಮಾಡಿದ ಅಳತೆಗೂ ಕಾಲಕ್ರಮದಲ್ಲಿ ಅದೇ ಹೆಸರಾಯಿತು. ಕೊಡುವವನಿಗೂ ನಷ್ಟವಿಲ್ಲದಂತೆ, ಕೊಳ್ಳುವವನಿಗೂ ಮೋಸವಿಲ್ಲದಂತೆ ಅಂಚಿಗೆ ಸರಿಯಾಗಿ ನಿಂತ ಅಳತೆ ಎಂದು ಅದರ ತಾತ್ಪರ್ಯ.

ಈ ಅಳತೆಯ ಮಾತು ಬಂದಾಗ ಕಾಗೋಡನ್ನು ನೆನೆಯದೆ ಇರಲಾಗುವುದಿಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಆ ಹಳ್ಳಿಯ ಗೇಣಿದಾರರು 1951ರಲ್ಲಿ ಸತ್ಯಾಗ್ರಹಕ್ಕೆ ಇಳಿದರು. ಮನಸ್ತಾಪದ ಬೇರು ಇದ್ದುದು ಒಂದು ಕೊಳಗದಲ್ಲಿ. ಗೇಣಿ ಅಳೆದುಕೊಳ್ಳುವುದಕ್ಕೆ ಧಣಿಗಳ ಕೊಳಗ ದೊಡ್ಡದು ಎಂಬುದು ಉಳುವವರ ದೂರು. ಎಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದರು. ಸೋಷಲಿಸ್ಟ್ ಪಕ್ಷವು ಬೆನ್ನಿಗೆ ನಿಂತಿತು. ಡಾಕ್ಟರ್ ಲೋಹಿಯಾ ಬಂದು ಬಂಧನಕ್ಕೆ ಒಳಗಾದರು. ಮುಂದಿನ ವರ್ಷ ಶಾಂತವೇರಿ ಗೋಪಾಲಗೌಡರು ಆ ಭಾಗದಿಂದಲೇ ಶಾಸನ ಸಭೆಗೆ ಗೆದ್ದುಬಂದರು. ಆ ಗೇಣಿದಾರರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೂ ಸ್ಟ್ರೈಕ್ ಎಂಬ ಮಾತಿನ ಹಳೆಯ ಅರ್ಥವನ್ನೇ ಅವರು ಕೇಳುತ್ತಿದ್ದರು. ಅಳತೆ ಅಂಚಿಗೆ ಸಮವಾಗಲಿ ಎಂಬುದಷ್ಟೆ ಅವರ ಬೇಡಿಕೆ.

ಹಾಗಾದರೆ ಕೆಲಸ ನಿಲ್ಲಿಸುವುದಕ್ಕೆ ಈ ಮಾತು ಅಂಟಿಕೊಂಡುದು ಯಾವಾಗ? 1768ರಲ್ಲಿ. ಹಡಗಿನ ಹಾಯಿಯನ್ನು ಕೆಳಗಿಳಿಸುವುದಕ್ಕೂ ನಾವಿಕರು ಸ್ಟ್ರೈಕ್ ಎನ್ನುತ್ತಿದ್ದರು. ಆ ವರ್ಷ ಲಂಡನ್ನಿನ ಥೇಮ್ಸ್ ನದಿಯಲ್ಲಿ ನಿಂತಿದ್ದ ಹಡಗುಗಳ ನಾವಿಕರು ಕೂಲಿ ಸಾಲದೆಂದು ಎದ್ದು ನಿಂತರು. ಹಡಗಿನಿಂದ ಹಡಗಿಗೆ ಹೋಗಿ ಹಾಯಿಗಳನ್ನು ಇಳಿಸಿದರು. ಹಾಯಿ ಇಲ್ಲದ ಹಡಗು ಬಂದರು ಬಿಟ್ಟು ಹೋಗುವುದು ಹೇಗೆ? ವ್ಯಾಪಾರ ನಿಂತಿತು. ಹಾಯಿ ಇಳಿಸಿದವರ ಮಾತೇ ಅಂದಿನಿಂದ ಕೆಲಸ ನಿಲ್ಲಿಸಿದವರ ಮಾತಾಯಿತು.

ಇದರಲ್ಲಿ ನಾವು ತಿಳಿಯಬೇಕಾದ ಅಂಶವಿದೆ. ಸ್ಟ್ರೈಕ್ ಎಂದರೆ ಹೊಡೆದಾಟ, ಕಲ್ಲು ತೂರಾಟ ಎಂದು ಮಾಲೀಕರ ಕಡೆಯವರು ಅರ್ಥ ಹೇಳುವುದುಂಟು. ಮಾತಿನ ಹುಟ್ಟನ್ನು ನೋಡಿದರೆ ಅದು ಸುಳ್ಳು. ನಾವಿಕರು ಹಡಗನ್ನು ಮುಳುಗಿಸಲಿಲ್ಲ. ಹಾಯಿಯನ್ನು ಮಡಿಸಿ ಇಳಿಸಿದರು. ಕೂಲಿ ಸರಿಯಾದರೆ ಅದೇ ಹಾಯಿಯನ್ನು ಅವರೇ ಮತ್ತೆ ಏರಿಸುವವರು. ಯಂತ್ರಕ್ಕೆ ಕೈ ಹಚ್ಚಿ ಕೆಡಿಸುವವನು ಸ್ಟ್ರೈಕ್ ಮಾಡಿದಂತಾಗುವುದಿಲ್ಲ. ಆ ಯಂತ್ರ ನಾಳೆ ಅವನ ಅನ್ನಕ್ಕೂ ಬೇಕು.

ಕೆಲಸ ನಿಲ್ಲಿಸುವುದು 1768ರಲ್ಲಿ ಹುಟ್ಟಿದ ಸಂಗತಿಯೇನೂ ಅಲ್ಲ. ಕ್ರಿಸ್ತನಿಗೆ ಸಾವಿರದ ನೂರೈವತ್ತು ವರ್ಷಗಳ ಆಚೆ ಈಜಿಪ್ಟಿನಲ್ಲಿ ರಾಜರ ಗೋರಿಗಳನ್ನು ಕಟ್ಟುತ್ತಿದ್ದ ಕುಶಲಕರ್ಮಿಗಳು ಪಡಿಯ ಧಾನ್ಯ ಬರಲಿಲ್ಲವೆಂದು ಉಪಕರಣ ಕೆಳಗಿಟ್ಟು ಕುಳಿತರು. ಮೂರನೆಯ ರಾಮ್‌ಸೆಸ್ ಎಂಬ ದೊರೆಯ ಕಾಲ ಅದು. ಆ ಸಂಗತಿಯನ್ನು ಬರೆದಿಟ್ಟ ಹಳೆಯ ಕಾಗದ ಇಟಲಿಯ ಟುರಿನ್ ನಗರದಲ್ಲಿ ಈಗಲೂ ಇದೆ. ಹೆಸರು ಹುಟ್ಟುವುದಕ್ಕೆ ಬಹಳ ಮುಂಚೆಯೇ ಹಸಿವೂ ಹುಟ್ಟಿತ್ತು, ಒಗ್ಗಟ್ಟೂ ಹುಟ್ಟಿತ್ತು.

ಬೇರೆ ದೇಶದ ದುಡಿಯುವ ಜನ ಇದಕ್ಕೆ ಇಟ್ಟ ಹೆಸರುಗಳು ಒಂದೊಂದೂ ಒಂದೊಂದು ಬಗೆ. ಫ್ರೆಂಚರ ಮಾತು ‘ಗ್ರೇವ್’. ಅದು ಪ್ಯಾರಿಸ್ಸಿನ ಹೊಳೆಯ ದಂಡೆಯಲ್ಲಿದ್ದ ಮೈದಾನದ ಹೆಸರು. ಕೆಲಸವಿಲ್ಲದವರು ಕೂಲಿ ಹುಡುಕಿಕೊಂಡು ಅಲ್ಲಿ ಬಂದು ನಿಲ್ಲುತ್ತಿದ್ದರು. ಸ್ಪೇನಿನವರ ಮಾತಿಗೆ ಮೂಲದಲ್ಲಿ ಉಸಿರು ಬಿಡುವುದು, ದಣಿವಾರಿಸುವುದು ಎಂಬ ಅರ್ಥ. ಮಲಯಾಳಿಗಳದು ‘ಪಣಿಮುಡಕ್ಕು’, ತಮಿಳರದು ‘ವೇಲೈನಿರುತ್ತಂ’. ಎರಡೂ ನೇರವಾಗಿ ಕೆಲಸ ನಿಲ್ಲಿಸುವ ಮಾತುಗಳು. ಮರಾಠಿಗರು ‘ಸಂಪ’ ಎನ್ನುತ್ತಾರೆ. ಅದೇ ಮಾತಿಗೆ ಗುಜರಾತಿನಲ್ಲಿ ಒಗ್ಗಟ್ಟು ಎಂದರ್ಥ. ನಮ್ಮ ಹುಬ್ಬಳ್ಳಿ ಕಡೆಯ ಹಳಬರು ‘ಸಂಪು ಹೂಡಿದರು’ ಎನ್ನುವುದು ಇದರಿಂದಲೇ.

ಕನ್ನಡದಲ್ಲಿ ನಮಗೆ ದೊರೆತದ್ದು ‘ಮುಷ್ಕರ’. ಈ ಮಾತಿನ ಹಳೆಯ ಅರ್ಥ ಹಟ, ಮೊಂಡುತನ ಎಂದು. ಮೊಳಕಾಲ್ಮೂರಿನಿಂದ ಗಡಿ ದಾಟಿ ರಾಯದುರ್ಗಕ್ಕೆ ಹೋದರೆ ಅಲ್ಲಿಯ ತೆಲುಗರಿಗೆ ‘ಮುಷ್ಕರುಡು’ ಎಂದರೆ ದುಷ್ಟ. ಅವರು ಸ್ಟ್ರೈಕಿಗೆ ‘ಸಮ್ಮೆ’ ಎನ್ನುತ್ತಾರೆ. ಗುಜರಾತಿನವನು ಒಗ್ಗಟ್ಟನ್ನು ಕಾಣುವ ಮಾತಿನಿಂದಲೇ ಮರಾಠಿಗ ಹೋರಾಟಕ್ಕೆ ಹೆಸರಿಟ್ಟ. ನಮಗೋ ಹಟಮಾರಿಯ ಹೆಸರು ಬಂದಿತು. ಹೋಗಲಿ, ಬಂದ ಹೆಸರನ್ನು ದುಡಿಮೆಗಾರರು ಗೌರವಕ್ಕೆ ತಂದಿದ್ದಾರೆ. ಇಂದು ಮುಷ್ಕರ ಎಂದರೆ ಯಾರೂ ಬೈಗುಳವೆಂದು ಭಾವಿಸುವುದಿಲ್ಲ.

ಆದರೆ ಹೆಸರಿನ ವಿಷಯದಲ್ಲಿ ಮೈಮರೆತರೆ ಏನಾಗುತ್ತದೆ ಎಂಬುದಕ್ಕೆ 1918ರ ಅಹಮದಾಬಾದು ಸಾಕ್ಷಿ. ಪ್ಲೇಗಿನ ಕಾಲದಲ್ಲಿ ಕೊಡುತ್ತಿದ್ದ ಬೋನಸ್ಸನ್ನು ಮಾಲೀಕರು ನಿಲ್ಲಿಸಿದರು. ನೇಯ್ಗೆಯವರು ನೂರಕ್ಕೆ ಐವತ್ತು ಕೂಲಿ ಹೆಚ್ಚಬೇಕೆಂದರು, ಮಾಲೀಕರು ಇಪ್ಪತ್ತಕ್ಕೆ ನಿಂತರು, ಗಾಂಧೀಜಿ ಮೂವತ್ತೈದು ನ್ಯಾಯವೆಂದರು. ಫೆಬ್ರವರಿ 22ರಂದು ಬಾಗಿಲು ಮುಚ್ಚಿದವರು ಮಾಲೀಕರು! ಅದು ಲಾಕೌಟು, ಬೀಗಮುದ್ರೆ. ಗಾಂಧೀಜಿಯವರ ಉಪವಾಸದ ತರುವಾಯ ಮಧ್ಯಸ್ಥಿಕೆಯಾಗಿ ಕೊನೆಗೆ ಆ ಮೂವತ್ತೈದೇ ದಕ್ಕಿತು. ಆದರೂ ಜನರ ಬಾಯಲ್ಲಿ ಇಡೀ ಪ್ರಕರಣಕ್ಕೆ ಉಳಿದ ಹೆಸರು ‘ಅಹಮದಾಬಾದ್ ಸ್ಟ್ರೈಕ್’. ಬೀಗ ಹಾಕಿದವನು ಮರೆಯಾದ, ಬಾಗಿಲ ಹೊರಗೆ ನಿಂತವನ ಹೆಸರು ಉಳಿಯಿತು.

ನಮ್ಮ ಊರಿನಲ್ಲಿಯೂ ಇದೇ ಕಥೆ. ಚಳ್ಳಕೆರೆಗೆ ಎಣ್ಣೆ ನಗರಿ ಎಂಬ ಹೆಸರು ತಂದ ಮಿಲ್ಲುಗಳು ಎಷ್ಟೋ ನಿಂತುಹೋಗಿವೆ. ‘ಕೂಲಿಯವರ ಗಲಾಟೆಯಿಂದ ನಿಂತವು’ ಎನ್ನುವವರು ಇದ್ದಾರೆ. ಮಳೆ ತಪ್ಪಿ ಶೇಂಗಾ ಬೆಳೆ ಕೈಕೊಟ್ಟುದನ್ನು, 1994ರಿಂದ ಖಾದ್ಯ ತೈಲದ ಆಮದಿಗೆ ದೆಹಲಿಯವರು ಬಾಗಿಲು ತೆರೆದ ಮೇಲೆ ತಾಳೆ ಎಣ್ಣೆ ಹಡಗುಗಟ್ಟಲೆ ಬಂದಿಳಿದುದನ್ನು ಅವರು ಹೇಳುವುದಿಲ್ಲ. ಮಾಲೀಕನು ಖಾಯಂ ಮುಚ್ಚುವುದಕ್ಕೆ ‘ಕ್ಲೋಷರ್’ ಎಂಬ ಮೃದುವಾದ ಹೆಸರಿದೆ. ಹಿಂದೆ 100 ಜನ ದುಡಿಯುವ ಕಾರ್ಖಾನೆಯನ್ನು ಮುಚ್ಚುವುದಕ್ಕೆ ಸರ್ಕಾರದ ಅಪ್ಪಣೆ ಬೇಕಾಗಿತ್ತು. ಹೊಸ ಸಂಹಿತೆಯಲ್ಲಿ ಆ ಸಂಖ್ಯೆಯನ್ನು 300ಕ್ಕೆ ಏರಿಸಿದ್ದಾರೆ.

ಈಗ ಕಾಯಿದೆಗೆ ಬರೋಣ. 1947ರ ಕೈಗಾರಿಕಾ ವಿವಾದಗಳ ಕಾಯಿದೆಯ ಪ್ರಕಾರ, ಉದ್ಯಮವೊಂದರಲ್ಲಿ ದುಡಿಯುವವರು ಒಟ್ಟುಗೂಡಿ ಕೆಲಸ ನಿಲ್ಲಿಸಿದರೆ, ಇಲ್ಲವೆ ಒಡಂಬಟ್ಟು ಕೆಲಸ ಮಾಡಲೊಲ್ಲೆವೆಂದರೆ ಅದು ಸ್ಟ್ರೈಕ್. ಪಾರ್ಲಿಮೆಂಟು 2020ರಲ್ಲಿ ಒಪ್ಪಿ, 2025ರ ನವೆಂಬರಿನಲ್ಲಿ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯು ಆ ಅರ್ಥವನ್ನು ಹಾಗೆಯೇ ಇಟ್ಟು ಬಾಲವೊಂದನ್ನು ಸೇರಿಸಿದೆ. ದುಡಿಯುವವರಲ್ಲಿ ನೂರಕ್ಕೆ ಐವತ್ತು ಅಥವಾ ಹೆಚ್ಚು ಮಂದಿ ಒಂದೇ ದಿನ ಒಟ್ಟಾಗಿ ಸಾಂದರ್ಭಿಕ ರಜೆ ಹಾಕಿದರೆ ಅದೂ ಸ್ಟ್ರೈಕ್! ಚಕ್ಕರ್ ಹೊಡೆಯುವುದೂ ಸ್ಟ್ರೈಕ್ ಹೊಡೆಯುವುದೂ ಒಂದಾಯಿತು ಎಂದು ತಿಳಿಯಿರಿ.

ಮೂವತ್ತು ಜನರ ಒಂದು ಮಿಲ್ಲನ್ನು ಮನಸ್ಸಿಗೆ ತಂದುಕೊಳ್ಳಿರಿ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರಿನ ದಿನ ಹದಿನೈದು ಜನ ಮಾತಾಡಿಕೊಂಡು ರಜಾ ಚೀಟಿ ಕೊಟ್ಟು ಹೊರಟರು. ಇದು ದೇವರ ಕೆಲಸವೋ ಸ್ಟ್ರೈಕೋ? ಅವರು ಹೊರಟುದು ತೇರು ಎಳೆಯುವುದಕ್ಕೆ, ಸರಿ. ಆದರೆ ಮೊದಲೇ ಕೂಲಿಯ ತಕರಾರು ನಡೆಯುತ್ತಿರುವ ಮಿಲ್ಲಿನಲ್ಲಿ ‘ಇವರು ಒಟ್ಟುಗೂಡಿ ರಜೆ ಹಾಕಿದ್ದಾರೆ’ ಎಂದು ಮಾಲೀಕನು ಕಾಗದ ಬರೆದರೆ, ಹಾಗಲ್ಲವೆಂದು ಹೇಳುತ್ತ ಅಲೆಯಬೇಕಾದವರು ಯಾರು? ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬುದು ಆ ಕೆರೆ ಕಟ್ಟಿಸಿದ ಸ್ವಾಮಿಯ ಮಾತು. ಮಾಡಿದಷ್ಟನ್ನು ಕೇಳುವವರ ಕಾಲಿಗೆ ಈ ಹಗ್ಗ ಬಿದ್ದಿದೆ.

ಇನ್ನೊಂದು ಬದಲಾವಣೆ ನೋಟೀಸಿನದು. ಮುಂಚೆ ರೈಲು, ನೀರು, ವಿದ್ಯುತ್ತು ಮುಂತಾದ ಸಾರ್ವಜನಿಕ ಸೇವೆಗಳಲ್ಲಿ ಮಾತ್ರ ಸ್ಟ್ರೈಕಿಗೆ 14 ದಿನ ಮುಂಚೆ ನೋಟೀಸು ಕೊಡಬೇಕಾಗಿತ್ತು. ಈಗ ಎಲ್ಲ ಕೈಗಾರಿಕೆಗಳಲ್ಲಿಯೂ ಕೊಡಬೇಕು. ರಾಜಿ ಸಂಧಾನ ನಡೆಯುವಾಗ ಸ್ಟ್ರೈಕ್ ಕೂಡದು. ನ್ಯಾಯಮಂಡಳಿಯಲ್ಲಿ ವ್ಯಾಜ್ಯವಿರುವಾಗಲೂ ಕೂಡದು. ಅಕ್ರಮ ಸ್ಟ್ರೈಕಿಗೆ 1947ರ ಕಾಯಿದೆಯಲ್ಲಿ 50 ರೂಪಾಯಿಯವರೆಗೆ ದಂಡ. ಈಗ 1,000ದಿಂದ 10,000 ರೂಪಾಯಿ, ಇಲ್ಲವೆ ಒಂದು ತಿಂಗಳವರೆಗೆ ಸೆರೆ, ಇಲ್ಲವೆ ಎರಡೂ. ಪ್ರೇರಣೆ ಮಾಡಿದವನಿಗೆ 10,000ದಿಂದ 50,000 ರೂಪಾಯಿ. ನ್ಯಾಯವಾಗಿ ಹೇಳಬೇಕೆಂದರೆ ಅಕ್ರಮ ಲಾಕೌಟಿಗೂ ದಂಡ 1,000ದಿಂದ ಮೇಲೆದ್ದು 50,000 ಮುಟ್ಟಿದೆ, ಒಂದು ಲಕ್ಷದವರೆಗೂ ಹಾಕಬಹುದು; ಲಾಕೌಟಿಗೂ 14 ದಿನದ ನೋಟೀಸು ಕಡ್ಡಾಯ. ಆದರೆ ದಿನಗೂಲಿಯವನ ಹತ್ತು ಸಾವಿರವೂ ಮಿಲ್ಲಿನ ಒಡೆಯನ ಐವತ್ತು ಸಾವಿರವೂ ತಕ್ಕಡಿಯಲ್ಲಿ ಸಮ ತೂಗುತ್ತವೆಯೆ? ಅಂಗಡಿಯವರೇ ಹೇಳಲಿ.

ಹದಿನಾಲ್ಕು ದಿನದಲ್ಲಿ ಏನೆಲ್ಲ ಆಗಬಹುದು ಎಂಬುದನ್ನೂ ಯೋಚಿಸಬೇಕು. ಎಣ್ಣೆ ಮಿಲ್ಲಿನ ಕೆಲಸ ಸುಗ್ಗಿಯನ್ನು ನಂಬಿದ್ದು. ಶೇಂಗಾ ಬಂದು ಬಿದ್ದಿರುವ ದಿನಗಳಲ್ಲಿ ಮಾತ್ರ ಕೂಲಿಯವನ ಮಾತಿಗೆ ಬೆಲೆ. ನೋಟೀಸಿನ ಗಡುವು ಮುಗಿಯುವ ಹೊತ್ತಿಗೆ ಮಾಲು ಬೇರೆ ಊರಿಗೆ ಸಾಗಿರುತ್ತದೆ. ಸ್ಟ್ರೈಕಿನ ಹಕ್ಕು ಕಾಗದದ ಮೇಲೆ ಉಳಿಯಿತು, ಸಮಯ ಮಾಲೀಕನ ಕೈಗೆ ಹೋಯಿತು.

ಮೊಳಕಾಲ್ಮೂರಿನ ರೇಷ್ಮೆ ನೇಕಾರರ ಪಾಡು ಇದಕ್ಕಿಂತ ಬೇರೆ. ಮಗ್ಗ ಮನೆಯಲ್ಲಿಯೇ, ನೂಲು ಕೊಡುವವನು ಬೇರೆ, ಸೀರೆ ಒಯ್ಯುವವನು ಅವನೇ. ಮಜೂರಿ ಸಾಲದೆಂದು ನೇಕಾರನು ಲಾಳಿಯನ್ನು ಕೆಳಗಿಟ್ಟರೆ ಅದಕ್ಕೆ ಏನೆಂದು ಹೆಸರು? ಅವನ ಹೆಸರು ಯಾವ ಹಾಜರಿ ಪಟ್ಟಿಯಲ್ಲಿಯೂ ಇಲ್ಲ. ಅವನು ನಿಂತರೆ ಊರಿಗೆ ಸದ್ದಿಲ್ಲ, ಅವನ ಒಲೆಗೆ ಮಾತ್ರ ತಿಳಿಯುತ್ತದೆ. ಒಬ್ಬೊಬ್ಬನೇ ಹಾಯಿ ಇಳಿಸಿದರೆ ಬಂದರಿನ ವ್ಯಾಪಾರ ನಿಲ್ಲುತ್ತಿರಲಿಲ್ಲ. ಸಹಕಾರ ಸಂಘವೆಂದೂ ನೇಕಾರರ ಸಂಘವೆಂದೂ ಮತ್ತೆ ಮತ್ತೆ ನಾವು ಹೇಳುವುದು ಇದಕ್ಕಾಗಿ.

ಸಣ್ಣ ವ್ಯಾಪಾರಿಗಳಿಗೂ ಒಂದು ಮಾತು. ನಿಮ್ಮ ಪಾಲಿನ ಮಾತು ‘ಹರತಾಳ’. ಹಟ್ಟ ಎಂದರೆ ಅಂಗಡಿ, ತಾಳ ಎಂದರೆ ಬೀಗ. ಗುಜರಾತಿನಿಂದ ಬಂದ ಮಾತು. ಅಂಗಡಿಯವನು ತಾನೇ ಮನಸ್ಸು ಮಾಡಿ ತನ್ನ ಅಂಗಡಿಗೆ ಹಾಕುವ ಬೀಗ ಅದು. 1919ರಲ್ಲಿ ರೌಲಟ್ ಕಾಯಿದೆಯ ವಿರುದ್ಧ ಗಾಂಧೀಜಿ ಕರೆ ಕೊಟ್ಟುದು ಅಂಥ ಹರತಾಳಕ್ಕೆ. ಇತ್ತೀಚಿನ ‘ಬಂದ್’ ಎಂಬುದು ಬೇರೆ ಜಾತಿಯದು. ಯಾರೋ ಬಂದು ಕೂಗು ಹಾಕಿ ಬಾಗಿಲು ಎಳೆಸುವುದು. ಬಲವಂತದ ಬಂದ್ ಸಂವಿಧಾನಕ್ಕೆ ವಿರುದ್ಧವೆಂದು ಕೇರಳದ ಹೈಕೋರ್ಟು 1997ರಲ್ಲಿ ತೀರ್ಪು ಕೊಟ್ಟಿತು. ಸುಪ್ರೀಂ ಕೋರ್ಟು ಅದೇ ವರ್ಷ ಎತ್ತಿಹಿಡಿಯಿತು. ಈ ಭೇದವನ್ನು ನಮ್ಮವರೂ ಮನಗಾಣಬೇಕು. ಮಿಲ್ಲಿನ ಕೂಲಿಗಾಗಿ ನಡೆಯುವ ಸ್ಟ್ರೈಕಿನಲ್ಲಿ ಬೀದಿಯ ಅಂಗಡಿಯನ್ನು ಬಲವಂತವಾಗಿ ಮುಚ್ಚಿಸುವುದು ತಪ್ಪು. ಸ್ಟ್ರೈಕಿನ ವಾರದಲ್ಲಿ ಕೂಲಿಯವನ ಮನೆಗೆ ರಾಗಿ, ಬೇಳೆ ಉದ್ದರಿ ಕೊಡುವವನು ಆ ಅಂಗಡಿಯವನೇ. ವ್ಯಾಪಾರಿಗಳೂ ಬಸ್ಸು ಬಾರದ ಪ್ರತಿಯೊಂದು ದಿನವನ್ನೂ ‘ಇವರ ಸ್ಟ್ರೈಕು’ ಎಂದು ಶಪಿಸುವುದನ್ನು ಬಿಟ್ಟು, ನಿಲ್ಲಿಸಿದವರು ಯಾರು, ಕೂಲಿಯವರೋ ಒಡೆಯರೋ ಎಂದು ಕೇಳಲಿ. ಕೂಲಿಯವನ ಸಂಬಳ ಏರಿದರೆ ಆ ದುಡ್ಡು ಬೆಂಗಳೂರಿಗೆ ಹೋಗುವುದಿಲ್ಲ, ನಿಮ್ಮ ಗಲ್ಲಾಪೆಟ್ಟಿಗೆಗೇ ಬರುತ್ತದೆ.

ಸ್ಟ್ರೈಕ್ ಎಂದರೆ ಗೆಲುವು ಎಂದೂ ನಾವು ಹೇಳುವುದಿಲ್ಲ. 1974ರ ಮೇ ತಿಂಗಳಲ್ಲಿ ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸರ ಮುಂದಾಳುತನದಲ್ಲಿ ದೇಶದ ರೈಲುಗಳು ನಿಂತವು. ಮೂರು ವಾರದೊಳಗೆ ಸರ್ಕಾರ ಅದನ್ನು ಮುರಿಯಿತು. 1980ರ ಕೊನೆಯಲ್ಲಿ ಬೆಂಗಳೂರಿನ ಸರ್ಕಾರಿ ಕಾರ್ಖಾನೆಗಳಲ್ಲಿ ಆರಂಭವಾದುದು 77 ದಿನ ನಡೆಯಿತು. 1982ರ ಜನವರಿಯಲ್ಲಿ ಮುಂಬಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಇಳಿದರು. ಬಹಳ ಜನ ಹಿಂದಿರುಗಿ ಗಿರಣಿಯ ಮುಖ ನೋಡಲಿಲ್ಲ. ಹಾಯಿ ಇಳಿಸುವ ಮುನ್ನ ಹಡಗಿನಲ್ಲಿ ಎಷ್ಟು ದಿನದ ಅಕ್ಕಿ ಇದೆ ಎಂದು ಲೆಕ್ಕ ಹಾಕಬೇಕು. ಆ ಲೆಕ್ಕವನ್ನು ಭಾಷಣದಿಂದ ತುಂಬಲಾಗುವುದಿಲ್ಲ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಬರೆದ ಚಪಡನೆಂಬವನು ಕೊನೆಯಲ್ಲಿ ತಾನು ಲಿಪಿಕಾರನೆಂಬ ಮಾತನ್ನು ದೂರದ ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಅಂದಿನ ನಮ್ಮ ಹಿರಿಯರಲ್ಲಿ ಅದನ್ನು ಓದಬಲ್ಲವರು ಎಷ್ಟು ಮಂದಿ? ಆದರೆ ತನ್ನ ಮಾತನ್ನು ಜನರಿಗೆ ಓದಿ ಹೇಳಬೇಕೆಂದು ಆ ದೊರೆ ಕಳಿಂಗದ ಶಾಸನಗಳಲ್ಲಿ ಅಧಿಕಾರಿಗಳಿಗೆ ಅಪ್ಪಣೆ ಮಾಡಿದ್ದಾನೆ. ಎರಡು ಸಾವಿರದ ಇನ್ನೂರು ವರ್ಷಗಳ ಮೇಲೆ, ಚುನಾಯಿತ ಸರ್ಕಾರವು ಅಷ್ಟಾದರೂ ಮಾಡಬೇಡವೆ?

ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟವಾಗಿದೆ. ಸ್ಟ್ರೈಕ್, ಲಾಕೌಟ್, ಕ್ಲೋಷರ್ ಎಂಬ ಮೂರು ಮಾತುಗಳಿಗೆ ಹೊಸ ಸಂಹಿತೆ ಕೊಟ್ಟಿರುವ ಅರ್ಥವನ್ನೂ ದಂಡದ ವಿವರವನ್ನೂ ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಬರೆಯಿಸಿ ಕಾರ್ಮಿಕ ಇಲಾಖೆಯವರು ಪ್ರತಿಯೊಂದು ಮಿಲ್ಲಿನ ಬಾಗಿಲಲ್ಲಿ ಹಾಕಿಸಲಿ. ಓದಲು ಬಾರದವರಿಗೆ ಓದಿ ಹೇಳಲಿ. ಒಟ್ಟು ರಜೆಯನ್ನು ಸ್ಟ್ರೈಕಿಗೆ ಸೇರಿಸಿದ ಮಾತನ್ನು ಪಾರ್ಲಿಮೆಂಟು ತೆಗೆದುಹಾಕಲಿ. ಅಲ್ಲಿಯವರೆಗೆ ಕಾರ್ಮಿಕ ಬಂಧುಗಳು ಹಬ್ಬ, ತೇರು, ಮದುವೆಯ ರಜೆಗಳನ್ನು ಒಬ್ಬೊಬ್ಬರಾಗಿ, ಕಾರಣ ಬರೆದು, ನಕಲು ಇಟ್ಟುಕೊಂಡು ಕೇಳಲಿ. ಕೂಲಿಯ ತಕರಾರಿದ್ದರೆ ಸುಗ್ಗಿಗೆ ಮುಂಚೆಯೇ ಸಂಘದ ಸಭೆ ಸೇರಿ, ತೀರ್ಮಾನ ಬರೆದು, ನೋಟೀಸು ಕಳುಹಿಸಲಿ. ಮೊಳಕಾಲ್ಮೂರಿನ ನೇಕಾರರು ಮೊದಲು ತಮ್ಮ ಹೆಸರುಗಳ ಪಟ್ಟಿಯನ್ನು ತಾವೇ ಮಾಡಲಿ.

ಇಷ್ಟು ಕೆಲಸಕ್ಕೆ ಇಂಗ್ಲಿಷ್ ಬೇಕಾಗಿಲ್ಲ. ಒಂದು ನೋಟುಬುಕ್ಕು, ಒಂದು ಪೆನ್ನು, ವಾರಕ್ಕೊಂದು ಸಂಜೆ ಸಾಕು.